ಪೆಟ್ರೋಲಿನ ದಾರಿ ಹಿಡಿದು

ಲಂಡನ್ನಿನ ಈಶಾನ್ಯಕ್ಕಿರುವ ವಾಲ್ತಮ್‌ಸ್ಟೋ ಎಂಬ ಬಡಾವಣೆಯಲ್ಲಿ, ಸಾಲುಮನೆಗಳ ಹಿಂಬದಿಗೆ ಒಂದಕ್ಕೊಂದು ಆತುಕೊಂಡು ನಿಂತಿರುವ ಬಾಡಿಗೆ ಗ್ಯಾರೇಜುಗಳ ಪೈಕಿ ಒಂದರೊಳಗೆ, ಫೆಬ್ರವರಿ ತಿಂಗಳ ಒಂದು ಭಾನುವಾರ ನಡೆದ ಸಂಭಾಷಣೆ ಇದು. ಮಾತನಾಡಿದವರು ಇಬ್ಬರು. ಒಬ್ಬರು, ಮಂಡ್ಯದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಈಗ ಅದನ್ನು ಮಗನ ಕೈಗೊಪ್ಪಿಸಿ, ಅಕ್ಕನ ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಸೋದರಮಾವ. ಮತ್ತೊಬ್ಬನು, ಇಲ್ಲಿನ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಉದ್ಯೋಗದಲ್ಲಿದ್ದು, 1959ನೆಯ ಇಸವಿಯ ಮಾರಿಸ್ ಮೈನರ್ ಕಾರೊಂದನ್ನು ಎರಡು ವರ್ಷಗಳಿಂದ ಶನಿವಾರ ಭಾನುವಾರಗಳಂದು ಜೀರ್ಣೋದ್ಧಾರ ಮಾಡುತ್ತಿರುವ ಆ ಅಳಿಯ. ನಾನು ಬೋರಲು ಹಾಕಿದ ಡಬ್ಬವೊಂದರ ಮೇಲೆ ಕುಳಿತು ಕೇಳುತ್ತಿದ್ದೆ. ಆಡುಮಾತಿನ ಒರಟನ್ನು ಬರವಣಿಗೆಯಲ್ಲಿ ತುಸು ನಯಗೊಳಿಸಿದ್ದೇನೆ, ತಿರುಳನ್ನು ಮುಟ್ಟಿಲ್ಲ.

ಅಳಿಯ: ಮಾವ, ನೀವು ಬರುವುದಕ್ಕೆ ಮೊದಲೇ ಈ ಎಂಜಿನ್ನಿನ ಒಂದೊಂದು ನಟ್ಟನ್ನೂ ಬಿಚ್ಚಿ ಕಟ್ಟಿದ್ದೇನೆ. ರಿಂಗು ಹೊಸದು, ಬೇರಿಂಗು ಹೊಸದು, ವಾಲ್ವುಗಳನ್ನು ನಾನೇ ಕೈಯಾರೆ ಅರೆದು ಕೂರಿಸಿದ್ದೇನೆ. ಸಮತಟ್ಟಾದ ರಸ್ತೆಯಲ್ಲಿ ಇದು ಓಡುವ ಚೆಂದವನ್ನು ನೋಡಬೇಕು. ಆದರೆ ಕಳೆದ ವಾರ ಹೈಗೇಟಿನ ಏರನ್ನು ಅರ್ಧ ಹತ್ತುವಷ್ಟರಲ್ಲಿ, ಉಸಿರು ಸಿಕ್ಕಿಕೊಂಡವರಂತೆ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಹಿಂದೆ ಬರುತ್ತಿದ್ದ ಕೆಂಪು ಬಸ್ಸಿನವನು ಹಾರನ್ ಕೂಡ ಬಾರಿಸಲಿಲ್ಲ, ಸುಮ್ಮನೆ ಕಾದ. ಅದರಿಂದ ಬೈಗುಳಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮಾವ: ನಿಂತ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟಾಯಿತು?

ಅಳಿಯ: ನಾಲ್ಕೈದು ನಿಮಿಷಕ್ಕೆ. ಇಳಿಜಾರಿನಲ್ಲಿ ಏನೂ ತೊಂದರೆಯಿಲ್ಲದೆ ಮನೆ ಸೇರಿತು.

ಮಾವ: ಹಾಗಾದರೆ ಎಂಜಿನ್ನನ್ನು ಸದ್ಯಕ್ಕೆ ಮರೆತುಬಿಡು. ಹಸಿದವನನ್ನು ಕೂರಿಸಿಕೊಂಡು ಹಲ್ಲು ಪರೀಕ್ಷೆ ಮಾಡಿದಂತಾಗುತ್ತದೆ. ಹಳೆಯ ಗಾಡಿಯನ್ನು ಎತ್ತಿ ನಿಲ್ಲಿಸುವ ಉತ್ಸಾಹಿಗಳೆಲ್ಲ, ಬಾನೆಟ್ಟು ತೆರೆದೊಡನೆ ಕಣ್ಣಿಗೆ ತುಂಬಿ ಕಾಣುವ ಆ ಕಬ್ಬಿಣದ ಗಡ್ಡೆಯನ್ನೇ ದೇವರೆಂದು ಭಾವಿಸಿ ಅದಕ್ಕೆ ಸಕಲ ಉಪಚಾರವನ್ನೂ ಮಾಡುತ್ತಾರಲ್ಲದೆ, ನೈವೇದ್ಯ ಬರುವ ದಾರಿ ಯಾವುದು, ಅದು ಎಲ್ಲಿ ಕಟ್ಟಿದೆ, ಎಲ್ಲಿ ಸೋರಿದೆ ಎಂಬುದನ್ನು ನೋಡುವುದು ಗಾಡಿ ಬೀದಿಯಲ್ಲಿ ನಿಂತ ಮೇಲೆಯೇ. ಇದೇ ಏಪ್ರಿಲ್ ತಿಂಗಳ ಚಾರ್ಮಾಡಿ ಘಾಟಿಯಾಗಿದ್ದರೆ, ಪೈಪಿನಲ್ಲಿ ಪೆಟ್ರೋಲು ಕುದಿದು ಆವಿ ಕಟ್ಟಿಕೊಂಡಿದೆ ಎಂದು ಹೇಳಿ, ಪೆಟ್ರೋಲು ಎತ್ತುವ ಎಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಸುತ್ತಿದ್ದೆ. ನಮ್ಮ ಕಾಲದ ಅಂಬಾಸಡರ್ ಟ್ಯಾಕ್ಸಿಯವರ ಸೀಟಿನ ಅಡಿಯಲ್ಲಿ ಜಾಕಿ ಇಲ್ಲದಿದ್ದರೂ ಒಂದು ಹಳೇ ಪಂಚೆಯ ತುಂಡು, ಒಂದು ಬಾಟಲಿ ನೀರು ಇದ್ದೇ ಇರುತ್ತಿದ್ದವು. ಆದರೆ ಈ ಊರಿನ ಫೆಬ್ರವರಿಯಲ್ಲಿ ಕುದಿಯುವುದು ಕೆಟಲಿನ ನೀರು ಮಾತ್ರ. ಇದರ ಪಂಪು ಎಲ್ಲಿದೆ?

ಅಳಿಯ: ಇಲ್ಲಿ, ಬಾನೆಟ್ಟಿನ ಒಳಗೆ, ಹಿಂದಿನ ತಗಡುಗೋಡೆಯ ಮೇಲೆ. ಅಂಬಾಸಡರಿನಂತೆ ಎಂಜಿನ್ನು ಕುಟ್ಟುವ ಪಂಪಲ್ಲ. ಬ್ಯಾಟರಿಯಿಂದ ನಡೆಯುವ ಎಸ್‌ಯು ಪಂಪು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ.

ಮಾವ: ಹಲ್ಲಿ ಲೊಚಗುಟ್ಟಿದ ಹಾಗೆ. ಒಳ್ಳೆಯದು, ಶಕುನ ಹೇಳುವ ಪಂಪು. ಒಳಗೆ ಏನು ನಡೆಯುತ್ತದೆ, ಬಲ್ಲೆಯಾ?

ಅಳಿಯ: ಪುಸ್ತಕದಲ್ಲಿ ಓದಿದ್ದೇನೆ. ತಂತಿಯ ಸುರುಳಿಯೊಂದು ಅಯಸ್ಕಾಂತವಾಗಿ ಡಯಾಫ್ರಮ್ಮನ್ನು ಎಳೆಯುತ್ತದೆ. ಎಳೆತ ಮುಗಿದೊಡನೆ ಪಾಯಿಂಟು ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ. ಆಗ ಸ್ಪ್ರಿಂಗು ಡಯಾಫ್ರಮ್ಮನ್ನು ಹಿಂದಕ್ಕೆ ತಳ್ಳಿ ಪೆಟ್ರೋಲನ್ನು ಕಾರ್ಬೊರೇಟರಿಗೆ ಕಳುಹಿಸುತ್ತದೆ.

ಮಾವ: ಸರಿ. ಎಳೆಯುವುದು ಕರೆಂಟು, ತಳ್ಳುವುದು ಸ್ಪ್ರಿಂಗು. ಇದನ್ನು ನೆನಪಿಟ್ಟುಕೊಂಡವನಿಗೆ ಆ ಟಿಕ್ಕಿನಲ್ಲಿಯೇ ಅರ್ಧ ರೋಗಪರೀಕ್ಷೆ ಮುಗಿಯುತ್ತದೆ. ಕಾರ್ಬೊರೇಟರಿನ ಬಟ್ಟಲು ತುಂಬಿದ ಮೇಲೆ ಸ್ಪ್ರಿಂಗಿಗೆ ತಳ್ಳಲು ಜಾಗವಿಲ್ಲ; ಆದ್ದರಿಂದ ಪಂಪು ಮೌನವಾಗಿರಬೇಕು. ಎಂಜಿನ್ನು ಆಫಾಗಿದ್ದು ಕೀಲಿ ಮಾತ್ರ ಆನಾಗಿರುವಾಗಲೂ ಅದು ಆಗಾಗ್ಗೆ ಟಿಕ್ಕೆಂದರೆ, ಪೆಟ್ರೋಲು ಮುಂದೆ ಎಲ್ಲಿಯೋ ಜಾರುತ್ತಿದೆ ಎಂದರ್ಥ. ಗಾಡಿ ಓಡುವಾಗ ಬಹಳ ನಿಧಾನವಾಗಿ ನುಡಿದು ಎಂಜಿನ್ನು ಸೊರಗಿದರೆ ಜಾಲರಿ ಕಟ್ಟಿದೆ. ಎಷ್ಟು ಹೊತ್ತಾದರೂ ನುಡಿಯದೇ ಇದ್ದರೆ ಪಾಯಿಂಟು ಕೊಳೆಯಾಗಿದೆ. ಬೆರಳಗೆಣ್ಣಿನಿಂದ ಒಮ್ಮೆ ತಟ್ಟಿದರೆ ಮನೆಯವರೆಗೆ ಬಂದೀತು. ಇನ್ನು, ಬಿಡುವಿಲ್ಲದೆ ಪಟಪಟನೆ ನುಡಿಯುತ್ತಿದ್ದರೆ—

ಅಳಿಯ: ಹಾಗೆಯೇ ನುಡಿಯುತ್ತಿತ್ತು, ಮಾವ! ಹೈಗೇಟಿನಲ್ಲಿ ನಿಂತಾಗ ಪಂಪು ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಪಂಪು ಇಷ್ಟು ಚುರುಕಾಗಿರುವಾಗ ಪೆಟ್ರೋಲಿನ ಕೊರತೆ ಇರಲಾರದೆಂದು ನಾನು ತಿಳಿದೆ.

ಮಾವ: ಅದೇ ಮೋಸ. ಚುರುಕಾಗಿ ಬಡಿದುಕೊಳ್ಳುವ ಪಂಪು ಗಾಳಿ ಕುಡಿಯುತ್ತಿರುವ ಪಂಪು. ಪೆಟ್ರೋಲಿಗೆ ತೂಕವಿದೆ, ಅದನ್ನು ತಳ್ಳಲು ಸ್ಪ್ರಿಂಗಿಗೆ ಹೊತ್ತು ಬೇಕು. ಗಾಳಿಗೆ ಏನು ತೂಕ? ಟ್ಯಾಂಕು ಇರುವುದು ಗಾಡಿಯ ಹಿಂದೆ, ಡಿಕ್ಕಿಯ ಕೆಳಗೆ. ಪಂಪು ಇಲ್ಲಿ ಮುಂದೆ. ಅಂದಮೇಲೆ ಪೆಟ್ರೋಲಿನ ದಾರಿಯ ಬಹುಪಾಲು ಹೀರುವ ದಾರಿಯೇ ಹೊರತು ತಳ್ಳುವ ದಾರಿಯಲ್ಲ. ತಳ್ಳುವ ಕಡೆ ತೂತಾದರೆ ಪೆಟ್ರೋಲು ಹೊರಗೆ ತೊಟ್ಟಿಕ್ಕುತ್ತದೆ, ವಾಸನೆ ಬರುತ್ತದೆ, ಯಾರಾದರೂ ಕಂಡುಹಿಡಿದಾರು. ಹೀರುವ ಕಡೆ ತೂತಾದರೆ ಒಂದು ಹನಿಯೂ ಹೊರಗೆ ಬಾರದು. ಗಾಳಿ ಒಳಗೆ ನುಗ್ಗುತ್ತದೆ. ಮದ್ದೂರಿನಲ್ಲಿ ಎಳನೀರು ಕುಡಿಯುವಾಗ ಕೊಳವೆ ಸೀಳಿದ್ದರೆ ಏನಾಗುತ್ತದೆ? ಕೆನ್ನೆ ಗುಳಿಬೀಳುವಷ್ಟು ಎಳೆದರೂ ಬಾಯಿಗೆ ಬರುವುದು ಬರೀ ಸದ್ದು. ಸಮತಟ್ಟು ರಸ್ತೆಯಲ್ಲಿ ಎಂಜಿನ್ನು ಕೇಳುವುದು ಅಲ್ಪ, ಅಷ್ಟನ್ನು ಈ ಸೀಳು ಕೊಳವೆಯೂ ಕೊಟ್ಟೀತು. ಏರಿನಲ್ಲಿ ಅದು ಕೇಳುವುದೂ ಹೆಚ್ಚು, ಮೂತಿ ಮೇಲಾಗಿ ಟ್ಯಾಂಕು ಕೆಳಗಾಗುವುದರಿಂದ ಎಳೆಯಬೇಕಾದ ಎತ್ತರವೂ ಹೆಚ್ಚು. ಎಲ್ಲಿ, ಒಂದು ಗಾಜಿನ ಸೀಸೆ ತಾ. ಬಾಗಿಲು ಪೂರ್ತಿ ತೆಗೆ. ಆ ಹೀಟರನ್ನು ಆರಿಸಿ ಹೊರಗಿಡು.

(ಮಾರ್ಮಲೇಡಿನ ಖಾಲಿ ಸೀಸೆಯೊಂದು ಬಂದಿತು. ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಳಚಿ, ಅದರ ಬಾಯಿಗೆ ಉದ್ದನೆಯ ಕೊಳವೆಯೊಂದನ್ನು ಸಿಕ್ಕಿಸಿ, ಸೀಸೆಯನ್ನು ಬಾನೆಟ್ಟಿನಿಂದ ಆಚೆ, ಬಾಗಿಲ ಹೊರಗಿನ ಸಿಮೆಂಟಿನ ಮೇಲಿಟ್ಟು, ಅಳಿಯನು ಕೀಲಿ ತಿರುಗಿಸಿದನು. ಜೊಂಡುಬಣ್ಣದ ದ್ರವವು ಸೀಸೆಯ ತಳವನ್ನು ಮುಚ್ಚುವವರೆಗೆ ನಮಗೇನೂ ಕಾಣಲಿಲ್ಲ. ಕೊಳವೆಯ ತುದಿ ಮುಳುಗಿತೋ ಇಲ್ಲವೋ, ಪ್ರತಿಯೊಂದು ಟಿಕ್ಕಿಗೂ ಸಾಸಿವೆಕಾಳಿನಷ್ಟು ಗಾತ್ರದ ನಾಲ್ಕಾರು ಗುಳ್ಳೆಗಳು ಮೇಲೆದ್ದು, ಗಾಜಿನ ಅಂಚಿಗೆ ಹೋಗಿ ಒಂದೊಂದಾಗಿ ಒಡೆದವು. ಮಾವನವರು ಮಂಕಿ ಟೋಪಿಯನ್ನು ಹಣೆಯಿಂದ ಮೇಲಕ್ಕೆ ಸರಿಸಿ, ಮೊಣಕಾಲೂರಿ ನೋಡಿ, ಇನ್ನು ಸಾಕು ಎಂಬಂತೆ ಕೈ ಎತ್ತಿದರು.)

ಮಾವ: ಟ್ಯಾಂಕಿಗೂ ಪಂಪಿಗೂ ನಡುವೆ ರಬ್ಬರಿನ ಜೋಡಣೆ ಏನಾದರೂ ಇದೆಯೆ?

ಅಳಿಯ: ಒಂದಿದೆ. ಹಿಂದಿನ ಒಡೆಯರು ಯಾರೋ ತುಕ್ಕು ಹಿಡಿದ ಲೋಹದ ಪೈಪನ್ನು ನೆಲದ ಕೆಳಗೆ ಕತ್ತರಿಸಿ, ಗೇಣುದ್ದದ ರಬ್ಬರು ಸೇರಿಸಿದ್ದರು. ಆ ರಬ್ಬರನ್ನು ಹೋದ ಜೂನಿನಲ್ಲಿ ನಾನೇ ಬದಲಾಯಿಸಿದೆ. ಹೊಸ ಪೈಪಿನ ಮೇಲೆ ಜೆ30 ಆರ್9 ಎಂಬ ಅಚ್ಚೂ ಇದೆ. ಈಗಿನ ಪೆಟ್ರೋಲನ್ನು ತಡೆದುಕೊಳ್ಳುವ ಜಾತಿ ಅದು.

ಮಾವ: ಬಗ್ಗಿಸಿ ನೋಡಿದ್ದೆಯಾ?

(ಅಳಿಯನು ಕಾರಿನಡಿಗೆ ತೆವಳಿ, ಕ್ಲಿಪ್ಪು ಸಡಿಲಿಸಿ, ಪೈಪಿನ ತುಂಡನ್ನು ತಂದುಕೊಟ್ಟನು. ನೆಟ್ಟಗಿರುವಾಗ ಅದು ಹೊಸದರಂತೆಯೇ ಇದ್ದಿತು. ಮಾವನವರು ಅದನ್ನು ಎರಡು ಹೆಬ್ಬೆರಳುಗಳ ನಡುವೆ ಬಿಲ್ಲಿನಂತೆ ಬಾಗಿಸಲಾಗಿ, ಬೇಸಿಗೆಯ ಕೆರೆಯಂಗಳದಂತೆ ಮೈತುಂಬ ಬಿರುಕುಗಳು ಬಾಯಿಬಿಟ್ಟವು.)

ಅಳಿಯ: ಎಂಟೇ ತಿಂಗಳು, ಮಾವ! ಮಾರಿದವನಿಗೆ ಬರೆದರೆ, ನಿಮ್ಮ ಗಾಡಿಯ ಬಿಸಿಗೆ ಹೀಗಾಗಿರಬಹುದೆಂದು ಉತ್ತರ ಬಂದೀತು. ಗಾಡಿಯ ಅಡಿಯಲ್ಲಿ, ಈ ಊರಿನಲ್ಲಿ, ಬಿಸಿ!

ಮಾವ: ಅಚ್ಚು ಹಾಕುವುದಕ್ಕೆ ಬೇಕಾಗುವುದು ಒಳ್ಳೆಯ ರಬ್ಬರಲ್ಲ, ಬಿಳಿ ಬಣ್ಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಒರಿಜಿನಲ್’ ಎಂಬ ಮಾತಿಗೆ ಮೂರು ದರಗಳಿದ್ದವು. ಅಂಗಡಿಯವನೇ ನಗುತ್ತ, ನಿಮಗೆ ಯಾವ ಒರಿಜಿನಲ್ ಬೇಕೆಂದು ಕೇಳುತ್ತಿದ್ದ. ಅವನಲ್ಲಿ ಅಷ್ಟಾದರೂ ಪ್ರಾಮಾಣಿಕತೆ ಇತ್ತು. ಇರಲಿ, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ, ಮೇಲೆ ನೂಲಿನ ಹೆಣಿಗೆಯಿರುವ ಈ ಪೈಪು ಯಾವ ಕಾಲದ್ದು?

ಅಳಿಯ: ಅದು ಮೂಲದ್ದೇ ಇರಬೇಕು. ಅದನ್ನು ಮಾತ್ರ ಮುಟ್ಟಿಲ್ಲ. ಈ ಕಾರಿನಲ್ಲಿ ಆ ಕಾಲದ್ದೇ ಎಂದು ಹೇಳಿಕೊಳ್ಳಬಹುದಾದ ಕೆಲವೇ ವಸ್ತುಗಳಲ್ಲಿ ಅದೂ ಒಂದು.

ಮಾವ: ಅದರ ಕೆಳಗೆ ಏನಿದೆ, ಕೈಯಿಟ್ಟು ಹೇಳು.

ಅಳಿಯ: ಎಕ್ಸಾಸ್ಟ್ ಮ್ಯಾನಿಫೋಲ್ಡು.

ಮಾವ: ಈ ಎಂಜಿನ್ನಿನಲ್ಲಿ ಉಸಿರು ಎಳೆದುಕೊಳ್ಳುವ ಬಾಯಿಯೂ ಹೊಗೆ ಬಿಡುವ ಬಾಯಿಯೂ ಒಂದೇ ಮಗ್ಗುಲಿನಲ್ಲಿವೆ, ಆದ್ದರಿಂದ ಕಾರ್ಬೊರೇಟರು ಕುಳಿತಿರುವುದು ಕೆಂಡದ ಮೇಲೆ. ಅರವತ್ತು ವರ್ಷ ಮೀರಿದ ರಬ್ಬರಿನಿಂದ ಒಂದು ಧಾರೆ ಅಲ್ಲಿ ಬಿದ್ದರೆ, ಮೂಲದ್ದೆಂದು ಹೇಳಿಕೊಳ್ಳಲು ಉಳಿಯುವುದು ನಂಬರ್ ಪ್ಲೇಟು. ಅದನ್ನು ಇವತ್ತೇ ತೆಗೆ.

ಅಳಿಯ: ತೆಗೆಯುತ್ತೇನೆ. ಆದರೆ ನನ್ನದೊಂದು ಸಂದೇಹವಿದೆ, ಮಾವ. ಪೈಪು ಹೋಯಿತು, ಡಯಾಫ್ರಮ್ಮು ಹೋಯಿತು, ಸಿಲಿಂಡರ್ ಹೆಡ್ಡನ್ನೂ ಬಿಡುವಂತಿಲ್ಲವೆನ್ನುತ್ತಾರೆ. ಹಿಂದೆ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರಷ್ಟೆ. ಅದರ ತೆಳ್ಳನೆಯ ಲೇಪ ಎಕ್ಸಾಸ್ಟ್ ವಾಲ್ವಿಗೂ ಸೀಟಿಗೂ ನಡುವೆ ಮೆತ್ತೆಯಾಗಿರುತ್ತಿತ್ತು. ಸೀಸವು ಮಕ್ಕಳ ಮಿದುಳಿಗೆ ವಿಷವೆಂದು ತಿಳಿದ ಮೇಲೆ, 2000ದ ಜನವರಿ 1ರಿಂದ ಈ ದೇಶದ ಬಂಕುಗಳಲ್ಲಿ ಅದರ ಸಾಮಾನ್ಯ ಮಾರಾಟ ನಿಂತಿತು. ಅಂದಿನಿಂದ ಈ ಎರಕದ ಕಬ್ಬಿಣದ ಸೀಟುಗಳು ಸವೆಯುತ್ತವೆ. ಗಡಸು ಲೋಹದ ಸೀಟುಗಳನ್ನು ಕೂರಿಸು ಎನ್ನುತ್ತಾರೆ. ಹೀಗೆ ಒಂದೊಂದಾಗಿ ಎಲ್ಲವನ್ನೂ ಬದಲಾಯಿಸಿದ ಮೇಲೆ, 1948ರಲ್ಲಿ ಅರ್ಲ್ಸ್ ಕೋರ್ಟಿನ ಪ್ರದರ್ಶನದಲ್ಲಿ ವಿನ್ಯಾಸಕಾರ ಇಸಿಗೊನಿಸ್ ಜನರ ಮುಂದಿಟ್ಟ ಆ ಕಾರಿನ ವಂಶಕ್ಕೆ ಇದು ಸೇರಿದ್ದೆಂದು ಯಾವ ಮುಖದಿಂದ ಹೇಳಲಿ?

ಮಾವ: ನಮ್ಮೂರ ತೇರಿನ ಗಾಲಿಗಳನ್ನು ನನಗೆ ಬುದ್ಧಿ ಬಂದ ಮೇಲೆ ಎರಡು ಸಲ ಬದಲಾಯಿಸಿದ್ದಾರೆ. ಅಚ್ಚು ಒಂದು ಸಲ ಮುರಿದು ಹೊಸದಾಗಿದೆ. ಹಗ್ಗವಂತೂ ಯಾವ ಲೆಕ್ಕಕ್ಕೂ ಇಲ್ಲ. ಇದು ಬೇರೆ ತೇರೆಂದು ಯಾವ ಭಕ್ತನೂ ಮನೆಯಲ್ಲಿ ಉಳಿದಿಲ್ಲ. ಆದರೆ ಕೆತ್ತನೆಯ ಹಲಗೆಯನ್ನು ಯಾರಾದರೂ ಕಿತ್ತು ಪ್ಲೈವುಡ್ಡು ಹೊಡೆದಿದ್ದರೆ ಊರೇ ತಿರುಗಿಬೀಳುತ್ತಿತ್ತು. ಯಾವುದು ಗಾಲಿ, ಯಾವುದು ಕೆತ್ತನೆ ಎಂದು ಬೇರ್ಪಡಿಸುವ ವಿವೇಕ ಊರ ಬಡಗಿಗೆ ಇರುತ್ತದೆ. ಪುಸ್ತಕ ಓದಿ ರಿಪೇರಿ ಮಾಡುವವರಿಗೆ ಕೆಲವೊಮ್ಮೆ ಇರುವುದಿಲ್ಲ. ಪೆಟ್ರೋಲು ತಗಲುವ ರಬ್ಬರೆಲ್ಲ ಗಾಲಿ. ವಾಲ್ವಿನ ಸೀಟು ಸವೆದಾಗ ನೋಡೋಣ. ನಿನ್ನ ಓಡಾಟ ತಿಂಗಳಿಗೆ ಒಂದು ಸಲ, ಅದು ಈ ಜನ್ಮದಲ್ಲಿ ಸವೆಯಲಾರದು. ಮುಖ್ಯವಾದ ಮಾತೇನೆಂದರೆ, ನೀನು 1959ರ ಕಾರನ್ನು ಇಟ್ಟುಕೊಂಡಿದ್ದೀಯೆ, 1959ರ ಪೆಟ್ರೋಲನ್ನು ಯಾರು ಕೊಡುತ್ತಾರೆ? ಈಗ ಇಲ್ಲಿಯೂ ಮದ್ಯಸಾರ ಬೆರೆಸುತ್ತಾರಲ್ಲವೆ?

ಅಳಿಯ: ಹೌದು. 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಇಥನಾಲ್. ಇ10 ಎಂದು ಬಂಕಿನಲ್ಲಿ ಬರೆದಿರುತ್ತದೆ. ದುಬಾರಿಯ ಸೂಪರ್ ದರ್ಜೆಯಲ್ಲಿ ಐದರವರೆಗೆ. ನಾನು ಇದಕ್ಕೆ ಸೂಪರನ್ನೇ ಹಾಕಿಸುತ್ತೇನೆ.

ಮಾವ: ನಮ್ಮಲ್ಲಿ ಈಗ ನೂರಕ್ಕೆ ಇಪ್ಪತ್ತು. ನಾನು ಮಂಡ್ಯದವನು, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ತೊಡಗಿದಂದಿನಿಂದ ಆ ಊರಿನ ಗಾಳಿಯಲ್ಲಿಯೇ ಕಾಕಂಬಿಯ ವಾಸನೆ. ಕಾಕಂಬಿಯಿಂದ ಇಳಿಸಿದ ಸಾರವೇ ಪೆಟ್ರೋಲಿನ ಟ್ಯಾಂಕನ್ನೂ ಸೇರುವುದೆಂದರೆ ನನಗೇನೂ ಹಗೆತನವಿಲ್ಲ, ಕಬ್ಬಿನವರ ಮನೆಗೆ ನಾಲ್ಕು ಕಾಸು ಸೇರಲಿ. ಆದರೆ ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ಗೋಡೆಗೆ ಅರ್ಧ ಶತಮಾನದಿಂದ ಅಂಟಿಕೊಂಡಿದ್ದ ಅರಗಿನಂಥ ಕೊಳೆಯನ್ನು ಕರಗಿಸಿ ಜಾಲರಿಗೆ ತಂದು ತುಂಬುತ್ತದೆ. ಅದಕ್ಕೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾಗುವುದರಿಂದ, ಹಳೆಯ ಅಳತೆಯ ಜೆಟ್ಟಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ನೀನು ಕೊಂಡ ಕಾಲದಲ್ಲಿ ಪ್ಲಗ್ಗು ಬಿಚ್ಚಿ ನೋಡಿದ್ದರೆ ಬೆಳ್ಳಗಿರುತ್ತಿತ್ತು.

ಅಳಿಯ: ಇದ್ದಿತು. ಜೆಟ್ಟಿನ ಕೆಳಗಿನ ನಟ್ಟನ್ನು ಒಂದು ಮುಖದಷ್ಟು ಕೆಳಕ್ಕೆ ತಿರುಗಿಸಿದ ಮೇಲೆ ಕಾಫಿಪುಡಿಯ ಬಣ್ಣಕ್ಕೆ ಬಂದಿತು. ಆದರೆ ಮಾವ, ಇಥನಾಲ್ ಈಗ ಹೊಸದಾಗಿ ಬಂದ ಪಿಡುಗೆಂದು ಇಲ್ಲಿನವರೂ ಗೊಣಗುತ್ತಾರೆ; ಇತಿಹಾಸ ಹಾಗಿಲ್ಲ. ಕ್ಲೀವ್‌ಲೆಂಡ್ ಡಿಸ್ಕಾಲ್ ಎಂಬ ಮದ್ಯಸಾರ ಬೆರೆತ ಪೆಟ್ರೋಲನ್ನು 1930ರ ದಶಕದಿಂದ 1960ರ ದಶಕದವರೆಗೂ ಈ ದೇಶದ ಬಂಕುಗಳಲ್ಲಿ ಮಾರುತ್ತಿದ್ದರು. ನಮ್ಮ ದೇಶದಲ್ಲಿಯೂ 1948ರಲ್ಲಿಯೇ ಪವರ್ ಆಲ್ಕೊಹಾಲಿಗೆಂದು ಒಂದು ಕಾನೂನಿತ್ತು. ಈ ಕಾರೇ ಹೊಸದಾಗಿದ್ದಾಗ ಡಿಸ್ಕಾಲನ್ನು ಕುಡಿದಿರಬಹುದು. ಆಗ ಇದು ಹಾಳಾಗಲಿಲ್ಲವಲ್ಲ!

ಮಾವ: ಇದು ಒಳ್ಳೆಯ ಮಾತು, ನಾನು ಇದನ್ನು ಯೋಚಿಸಿರಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಟ್ಯಾಂಕಿನಲ್ಲಿದೆ ಎಂದು ತೋರುತ್ತದೆ. ಇದರ ಟ್ಯಾಂಕು ಎಷ್ಟರದ್ದು?

ಅಳಿಯ: ಆರೂವರೆ ಗ್ಯಾಲನ್. ಮೂವತ್ತು ಲೀಟರಿಗೆ ಸ್ವಲ್ಪ ಕಡಿಮೆ.

ಮಾವ: ಹೊಸದಾಗಿದ್ದಾಗ ಇದನ್ನು ಓಡಿಸಿದವರು ಒಬ್ಬರು ನರ್ಸೋ, ಮೇಷ್ಟರೋ, ಪಾದ್ರಿಯೋ ಇರಬೇಕು, ದಿನಾ ಮನೆಮನೆ ತಿರುಗುವವರು. ಆರೂವರೆ ಗ್ಯಾಲನ್ ಎಂಟು ಹತ್ತು ದಿನದಲ್ಲಿ ಮುಗಿದು ಹೊಸ ಪೆಟ್ರೋಲು ಬರುತ್ತಿತ್ತು. ನೀನು ನವೆಂಬರಿನಲ್ಲಿ ತುಂಬಿಸಿ ಫೆಬ್ರವರಿಯಲ್ಲಿ ಮುಚ್ಚಳ ತೆಗೆಯುತ್ತೀಯೆ. ಮದ್ಯಸಾರ ನೀರಿನ ನೆಂಟ. ಈ ಊರಿನ ತೇವದ ಗಾಳಿಯಿಂದ ನೀರನ್ನು ಕರೆಕರೆದು ಕೂಡಿಸಿಕೊಳ್ಳುತ್ತದೆ, ಅಳತೆ ಮೀರಿದ ದಿನ ಪೆಟ್ರೋಲಿನ ಸಹವಾಸವನ್ನು ಬಿಟ್ಟು, ನೀರಿನೊಡನೆ ತಳಕ್ಕೆ ಇಳಿದು ಮಲಗುತ್ತದೆ. ಪಂಪಿನ ಕೊಳವೆ ಬಾಯಿ ಹಾಕುವುದೂ ಆ ತಳಕ್ಕೇ. ಹೀಗೆ ಗಾಡಿಗೆ ಬರುವ ಕಾಯಿಲೆಗಳಲ್ಲಿ ಅರ್ಧ ಪೆಟ್ರೋಲಿನಿಂದ ಬಂದವಲ್ಲ, ಬಿಡುವಿನಿಂದ ಬಂದವು. ಓಡಿಸುವುದಕ್ಕೆ ಸರ್ಕಾರದ ಅಡ್ಡಿಯೇನಾದರೂ ಇದೆಯೆ?

ಅಳಿಯ: ಅದೇ ತಮಾಷೆ. 2023ರ ಆಗಸ್ಟ್ 29ರಿಂದ ಗ್ರೇಟರ್ ಲಂಡನ್ನಿನ ಎಲ್ಲ ಬರೋಗಳಿಗೂ ಹೊಗೆಯ ತೆರಿಗೆ ಹಬ್ಬಿದೆ. ಮಟ್ಟ ಮೀರಿ ಹೊಗೆಯುಗುಳುವ ಗಾಡಿಗೆ ದಿನಕ್ಕೆ ಹನ್ನೆರಡೂವರೆ ಪೌಂಡು. ಪಕ್ಕದ ಮನೆಯವರ ಹದಿನೈದು ವರ್ಷದ ಡೀಸೆಲ್ ಕಾರು ಅದನ್ನು ಕಟ್ಟಬೇಕು. ನಲವತ್ತು ವರ್ಷ ದಾಟಿ, ಚಾರಿತ್ರಿಕ ವಾಹನವೆಂದು ನೋಂದಾಯಿಸಿಕೊಂಡ ಇದು, ಅದಕ್ಕಿಂತ ಹೆಚ್ಚು ಹೊಗೆ ಬಿಟ್ಟರೂ, ಬಿಡಿಗಾಸೂ ಕಟ್ಟಬೇಕಾಗಿಲ್ಲ.

ಮಾವ: ವೃದ್ಧಾಪ್ಯ ವೇತನ. ಅವರು ನಿನ್ನೊಡನೆ ಮಾತು ಬಿಟ್ಟಿಲ್ಲವಷ್ಟೆ? ಸರಿ, ಈಗ ಈ ಕಾರ್ಬೊರೇಟರಿನ ತಲೆಯನ್ನು ಬಿಚ್ಚು. ಇದರ ಮೇಲೂ ಎಸ್‌ಯು ಎಂದೇ ಬರೆದಿದೆ.

ಅಳಿಯ: ಸ್ಕಿನ್ನರ್ಸ್ ಯೂನಿಯನ್ ಎಂದು ಅದರ ವಿಸ್ತಾರ. ಇದರ ಕಥೆ ಕೇಳಿದರೆ ನೀವು ಸಂತೋಷಪಡುತ್ತೀರಿ. ಲಿಲ್ಲಿ ಅಂಡ್ ಸ್ಕಿನ್ನರ್ ಎಂದರೆ ಲಂಡನ್ನಿನ ಹೆಸರುವಾಸಿಯಾದ ಪಾದರಕ್ಷೆಯ ವ್ಯಾಪಾರದ ಮನೆತನ. ಆ ಮನೆಯ ಮಗ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬಾತನಿಗೆ ಜೋಡಿಗಿಂತ ಮೋಟಾರಿನ ಹುಚ್ಚು ಹೆಚ್ಚು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ತಮ್ಮ ತಾಮಸ್ ಕಾರ್ಲೈಲ್ ಸ್ಕಿನ್ನರನನ್ನು ಜೊತೆಗೆ ಕಟ್ಟಿಕೊಂಡು, ಎಂಜಿನ್ನಿನ ಉಸಿರಿಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುವ ಕಾರ್ಬೊರೇಟರನ್ನು ಕಂಡುಹಿಡಿದನು. 1910ರಲ್ಲಿ ಕಂಪೆನಿಯಾಯಿತು, ಕಾರ್ಖಾನೆ ಇದ್ದುದು ಇಲ್ಲಿಗೆ ಹೆಚ್ಚು ದೂರವಿಲ್ಲದ ಕೆಂಟಿಷ್ ಟೌನಿನಲ್ಲಿ. 1926ರಲ್ಲಿ, ಈ ಕಾರಿಗೆ ಹೆಸರಿತ್ತ ಮಾರಿಸ್ ಅದನ್ನು ಕೊಂಡನು. ಈಗ ಇದರಲ್ಲಿ ಲೋಹದ ಪಿಸ್ಟನ್ನಿದೆಯಲ್ಲ, ಮೊದಲಿನ ಕಾರ್ಬೊರೇಟರುಗಳಲ್ಲಿ ಆ ಜಾಗದಲ್ಲಿ ಇದ್ದುದು ಚರ್ಮದ್ದು.

ಮಾವ: ತಿದಿ!

ಅಳಿಯ: ತಿದಿಯೇ. ಜೋಡಿನ ಮನೆಯಲ್ಲಿ ಮೆತ್ತನೆಯ ಚರ್ಮಕ್ಕೇನು ಬರವಿದ್ದೀತು!

ಮಾವ: ನಿನ್ನೆ ತಾನೆ ಥೇಮ್ಸಿನ ದಂಡೆಯ ಮೇಲೆ, ಲ್ಯಾಂಬೆತ್ತಿನಲ್ಲಿ, ಬಸವಣ್ಣನ ಮೂರ್ತಿಗೆ ಕೈಮುಗಿದು ಬಂದೆವು. ಸಮಗಾರ ಶರಣ ಹರಳಯ್ಯನ ನೆನಪಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ? ಚರ್ಮದ ಹದ ಬಲ್ಲ ಕೈಗೆ ಗಾಳಿಯ ಹದ ತಿಳಿಯುವುದು ಸಹಜ. ಆದರೆ ನಮ್ಮ ಕಮ್ಮಾರನ ತಿದಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕುಲುಮೆಯ ತಿದಿಯನ್ನು ಕೈ ಒತ್ತುತ್ತದೆ, ತಿದಿ ಗಾಳಿಯನ್ನು ಒತ್ತುತ್ತದೆ. ಇಲ್ಲಿ ಎಂಜಿನ್ನು ಗಾಳಿಯನ್ನು ಎಳೆಯುತ್ತದೆ, ಆ ಎಳೆತ ತಿದಿಯನ್ನು ಎತ್ತುತ್ತದೆ. ಎಲ್ಲಿ, ಆ ಪಿಸ್ಟನ್ನನ್ನು ಕೊಡು. ನೋಡಿದೆಯಾ, ಇದರ ಹೊಟ್ಟೆಯಿಂದ ಕೆಳಗೆ ಇಳಿದಿರುವ ಈ ಸೂಜಿ ದಬ್ಬಳದಂತೆ ತುದಿಗೆ ಸಣ್ಣಗಾಗುತ್ತ ಹೋಗಿದೆ. ಪಿಸ್ಟನ್ನು ಮೇಲೆದ್ದಷ್ಟೂ ಸೂಜಿ ಜೆಟ್ಟಿನಿಂದ ಹೊರಬರುತ್ತದೆ, ತೂತಿನ ಸಂದು ದೊಡ್ಡದಾಗುತ್ತದೆ, ಗಾಳಿಗೆ ತಕ್ಕ ಪೆಟ್ರೋಲು ಬರುತ್ತದೆ. ಬೇರೆ ಕಾರ್ಬೊರೇಟರುಗಳಲ್ಲಿ ನಿಧಾನಕ್ಕೊಂದು ಜೆಟ್ಟು, ವೇಗಕ್ಕೊಂದು ಜೆಟ್ಟು, ಏರಿಗೆ ಇನ್ನೊಂದು. ಇದರಲ್ಲಿ ಇಂಚಿನ ನೂರರಲ್ಲಿ ಒಂಬತ್ತು ಪಾಲಿನ ಒಂದೇ ತೂತು, ಒಂದೇ ಸೂಜಿ, ಎಲ್ಲಕ್ಕೂ ಅದೇ. ಒಳ್ಳೆಯ ಅಡುಗೆಯವಳು ಒಂದೇ ಸೌಟಿನಲ್ಲಿ ಉಪ್ಪನ್ನೂ ಹುಳಿಯನ್ನೂ ಅಳೆದ ಹಾಗೆ. ಕಾರ್ಬೊರೇಟರುಗಳಲ್ಲಿ ನನಗೆ ಇದರಷ್ಟು ಚೆಲುವಾಗಿ ಕಾಣುವುದು ಇನ್ನೊಂದಿಲ್ಲ.

ಅಳಿಯ: ಇದನ್ನು ಎತ್ತಿ ಬಿಟ್ಟರೆ ತಡೆಯಿಲ್ಲದೆ ಕೆಳಗೆ ಬಿದ್ದು ಟಕ್ಕೆನ್ನಬೇಕು, ಅಲ್ಲವೆ?

ಮಾವ: ಹೌದು. ಎನ್ನದೇ ಇದ್ದರೆ ಸೂಜಿ ಜೆಟ್ಟಿನ ಗೋಡೆಯನ್ನು ಉಜ್ಜುತ್ತಿದೆ. ಜೆಟ್ಟನ್ನು ನಡುವಿಗೆ ತರಬೇಕು. ಈಗ ಫ್ಲೋಟಿನ ಬಟ್ಟಲು ತೆಗೆ. ಹಗುರವಾದ ಈ ಫ್ಲೋಟು ಪೆಟ್ರೋಲಿನ ಮೇಲೆ ತೇಲಿ, ಮಟ್ಟ ಏರಿದೊಡನೆ ಮೇಲಿನ ನೀಡಲನ್ನು ಒತ್ತಿ ಬಾಗಿಲು ಹಾಕುತ್ತದೆ. ಮನೆಯ ನೀರಿನ ತೊಟ್ಟಿಯಲ್ಲಿರುವುದೂ ಇದೇ ಸೂತ್ರ. ಇದರಲ್ಲಿ ಒಂದೇ ಒಂದು ನಂಬಿಕೆ ಅಡಗಿದೆ: ಪೆಟ್ರೋಲು ಯಾವಾಗಲೂ ಕೆಳಗೇ ಇರುತ್ತದೆ ಎಂಬುದು.

ಅಳಿಯ: ಆ ನಂಬಿಕೆ ಕೈಕೊಟ್ಟದ್ದೂ ಈ ಊರಿನ ಆಕಾಶದಲ್ಲಿಯೇ. 1940ರಲ್ಲಿ ಜರ್ಮನರ ವಿಮಾನಗಳೊಡನೆ ಹೋರಾಡಿದ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಲ್ಲಿ ಇದ್ದುದೂ ಎಸ್‌ಯು ಕಾರ್ಬೊರೇಟರೇ. ಶತ್ರುವನ್ನು ಅಟ್ಟಿಸಿಕೊಂಡು ಪೈಲಟ್ಟು ಮೂತಿಯನ್ನು ಥಟ್ಟನೆ ಕೆಳಕ್ಕೆ ತಿರುಗಿಸಿದರೆ ಬಟ್ಟಲಿನ ಪೆಟ್ರೋಲು ಮುಚ್ಚಳಕ್ಕೆ ಹಾರುತ್ತಿತ್ತು. ಎಂಜಿನ್ನು ಒಂದು ಕ್ಷಣ ಹಸಿವಿನಿಂದ ತಡವರಿಸುತ್ತಿತ್ತು. ಮರುಕ್ಷಣ ಫ್ಲೋಟಿಗೆ ದಿಕ್ಕು ತಪ್ಪಿ ಬಾಗಿಲು ಹಾರುಹೊಡೆದು, ಪೆಟ್ರೋಲು ಪ್ರವಾಹವಾಗಿ ನುಗ್ಗಿ ಎಂಜಿನ್ನನ್ನು ಮುಳುಗಿಸುತ್ತಿತ್ತು. ಜರ್ಮನರ ಎಂಜಿನ್ನಿನಲ್ಲಿ ಪೆಟ್ರೋಲನ್ನು ನೇರವಾಗಿ ಚಿಮ್ಮಿಸುತ್ತಿದ್ದುದರಿಂದ ಅವರು ನಿಶ್ಚಿಂತೆಯಾಗಿ ಕೆಳಕ್ಕೆರಗಿ ತಪ್ಪಿಸಿಕೊಳ್ಳುತ್ತಿದ್ದರು. ಫಾರ್ನ್‌ಬರೋ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು, 1941ರಲ್ಲಿ, ಪೆಟ್ರೋಲಿನ ಪೈಪಿನೊಳಗೆ ಕೂರುವ ಒಂದು ಪುಟ್ಟ ಹಿತ್ತಾಳೆಯ ಬಿಲ್ಲೆಯನ್ನು ರೂಪಿಸಿದಳು. ಎಂಜಿನ್ನು ಪೂರ್ಣ ಬಲದಲ್ಲಿ ಕುಡಿಯುವಷ್ಟಕ್ಕೆ ಮಾತ್ರ ಅದರ ತೂತು. ಅದಕ್ಕಿಂತ ಹೆಚ್ಚು ಹರಿಯುವಂತಿಲ್ಲ. ಪ್ರವಾಹ ನಿಂತಿತು. ವಿಮಾನನೆಲೆಯಿಂದ ವಿಮಾನನೆಲೆಗೆ ಹೋಗಿ ತಾನೇ ನಿಂತು ಹಾಕಿಸಿದಳು.

ಮಾವ: ಹಿತ್ತಾಳೆಯ ಬಿಲ್ಲೆ! ಇಡೀ ಕಾರ್ಬೊರೇಟರನ್ನು ಬದಲಾಯಿಸುವುದಕ್ಕೆ ಒಂದು ವರ್ಷ ಕಾಯುತ್ತ ಕೂರಲಿಲ್ಲ ನೋಡು. ಆಕೆ ಪೆಟ್ರೋಲಿನ ದಾರಿ ಹಿಡಿದು ಹೋದವಳು. ಆಕೆಯ ಹೆಸರನ್ನು ನಮ್ಮ ಗ್ಯಾರೇಜಿನ ಹುಡುಗರಿಗೆ ಹೇಳುತ್ತೇನೆ. ಈಗ ಗೋಡೆಯ ಮೇಲೆ ಅವರು ಅಂಟಿಸಿರುವ ಚಿತ್ರಗಳಲ್ಲಿ ಒಂದಾದರೂ ಮರ್ಯಾದೆಯದ್ದಾಗಲಿ.

(ಆಮೇಲಿನ ಎರಡು ಗಂಟೆ ಕಾಲ ಮಾತು ಕಡಿಮೆಯಾಗಿ ಕೆಲಸ ಹೆಚ್ಚಾಯಿತು. ಅಳಿಯನು ಕೊಂಡಿಟ್ಟಿದ್ದ ತಾಮ್ರ-ನಿಕಲಿನ ಪೈಪನ್ನು ತೊಡೆಯ ಮೇಲಿಟ್ಟು ಹದವಾಗಿ ಬಗ್ಗಿಸಿ, ತುದಿಗಳನ್ನು ಅರಳಿಸಿ, ಹಳೆಯ ಪೈಪಿನ ಜಾಗದಲ್ಲಿ ಟ್ಯಾಂಕಿನಿಂದ ಪಂಪಿನವರೆಗೆ ನಡುವೆ ರಬ್ಬರಿಲ್ಲದಂತೆ ಅಖಂಡವಾಗಿ ಕೂರಿಸಿದರು. ನೂಲುಹೆಣಿಗೆಯ ಹಳೆಯ ಪೈಪು ಗೋಡೆಯ ಮೊಳೆಗೆ ಹೋಯಿತು. ಅದರ ಜಾಗಕ್ಕೆ, ಬೇರೊಂದು ಅಂಗಡಿಯಿಂದ ತಂದು, ಬಗ್ಗಿಸಿ ನೋಡಿ ಒಪ್ಪಿಕೊಂಡ ಹೊಸ ಪೈಪು ಬಂದಿತು. ಹೊರಗೆ ಮಬ್ಬು ಕವಿಯುತ್ತಿದ್ದಿತು. ಈ ಬಡಾವಣೆಯಲ್ಲಿಯೇ, 1890ರ ದಶಕದ ಆರಂಭದಲ್ಲಿ, ಫ್ರೆಡರಿಕ್ ಬ್ರೆಮರ್ ಎಂಬ ತರುಣನು ಮನೆಯ ಹಿತ್ತಲಲ್ಲಿ ಕುಳಿತು ಬ್ರಿಟನ್ನಿನ ಅತಿ ಮೊದಲ ಪೆಟ್ರೋಲ್ ಕಾರುಗಳಲ್ಲೊಂದನ್ನು ಕೈಯಾರೆ ಕಟ್ಟಿದ್ದನೆಂಬುದು ನನಗೆ ಆಗ ನೆನಪಾಯಿತಾದರೂ, ಇಬ್ಬರ ತಲೆಗಳೂ ಬಾನೆಟ್ಟಿನೊಳಗೆ ಇದ್ದುದರಿಂದ ಹೇಳಲಿಲ್ಲ.)

ಮಾವ: ಈಗ ಕೀಲಿ ತಿರುಗಿಸು. ಎಂಜಿನ್ನು ಬೇಡ, ಪಂಪು ಮಾತ್ರ.

(ಟಿಕ್ ಟಿಕ್ ಟಿಕ್ ಎಂದು ಬಿರುಸಾಗಿ ಮೊದಲಾದ ಸದ್ದು, ಖಾಲಿ ಪೈಪು ತುಂಬುತ್ತ ಬಂದಂತೆ ದಪ್ಪಗಾಯಿತು, ನಿಧಾನವಾಯಿತು, ಬಿಡಿಬಿಡಿಯಾಗಿ ಆರೇಳು ಸಲ ನುಡಿದು ನಿಂತಿತು. ಅಳಿಯನು ನಕ್ಕು ಕೈ ಒರಸಿಕೊಳ್ಳಲು ಬಟ್ಟೆಯನ್ನು ಎತ್ತಿಕೊಂಡನು. ಮಾವನವರು ಹಾಗೆಯೇ ಕಿವಿಗೊಟ್ಟು ನಿಂತಿದ್ದರು. ಕಾಲು ನಿಮಿಷ ಕಳೆದಿರಬೇಕು.)

ಪಂಪು: ಟಿಕ್.

ಅಳಿಯ: ಒಂದೇ ತಾನೆ, ಮಾವ. ಕ್ಷಮಿಸಬಹುದಲ್ಲ?

ಮಾವ: ತಾಳು.

(ಈ ಸಲ ಅಷ್ಟು ಹೊತ್ತು ಕಾಯಬೇಕಾಗಲಿಲ್ಲ.)

ಮಾವ: ನೀಡಲು ಬಾಗಿಲು ಹಾಕುತ್ತಿಲ್ಲ, ಇಲ್ಲವೇ ಜೆಟ್ಟಿನ ಸುತ್ತ ಇರುವ ಕಾರ್ಕಿನ ಬಿಲ್ಲೆ ಒಣಗಿದೆ. ಈ ಮಾದರಿಯಲ್ಲಿ ಅಲ್ಲಿ ಕಾರ್ಕನ್ನೇ ಇಟ್ಟಿದ್ದರು. ಹೊಸದನ್ನು ಎಣ್ಣೆಯಲ್ಲಿ ನೆನೆಹಾಕದೆ ಕೂರಿಸಿದೆಯೇನು?

ಅಳಿಯ: ಎಣ್ಣೆಯಲ್ಲಿ ನೆನೆಹಾಕಬೇಕಿತ್ತೆ?

ಮಾವ: ಕೀಲಿ ತೆಗೆ. ಕೆಳಗೊಂದು ತಟ್ಟೆ ಇಟ್ಟು, ಆ ಟಾರ್ಚು ಇತ್ತ ಕೊಡು.